ಕಾಲೇಜು, ಆಫೀಸಿನ ನೆಟ್‌ನಲ್ಲಿ ಸೈಟ್ ಓಪನ್ ಆಗುವುದಿಲ್ಲವೇ? ಬಾಗಿಲು ಎಲ್ಲಿ ಮುಚ್ಚಿದೆ ಅಂತ ಮೊದಲು ನೋಡಿ

"ಸರ್, ಕೋಳಿ ಅಂಕ ಬ್ಲಾಕ್ ಉಂಟು."

ಮಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ ಬಂದ ನೂರಾರು ದೂರುಗಳಲ್ಲಿ ಇದೊಂದು ಇನ್ನೂ ನೆನಪಿದೆ. ಹೇಳಿದವಳು ಕನ್ನಡ ಎಂಎ ಹುಡುಗಿ. ತುಳುನಾಡಿನ ಜನಪದ ಆಟಗಳ ಮೇಲೆ ಅವಳ ಪ್ರಬಂಧ, ಕೋಳಿ ಅಂಕ ಅಂದರೆ ಕೋಳಿ ಕಾಳಗ. ಪರದೆ ಮೇಲೆ ಕೆಂಪು ಪಟ್ಟಿ, ಅದರ ಕೆಳಗೆ ವರ್ಗ: ಜೂಜು. ಫಿಲ್ಟರ್ ಪೂರ್ತಿ ತಪ್ಪು ಹೇಳಿತು ಅನ್ನುವ ಹಾಗೂ ಇಲ್ಲ. ಕೋಳಿಯ ಕಾಲಿಗೆ ಕತ್ತಿ ಕಟ್ಟಿದ ಮೇಲೆ ಸುತ್ತ ನಿಂತವರ ಕೈ ಜೇಬಿಗೆ ಹೋಗುವುದು ಊರಿಗೇ ಗೊತ್ತಿರುವ ವಿಷಯ. ಆದರೆ ಇವಳಿಗೆ ಬೇಕಾಗಿದ್ದು ಆಟದ ವಿವರ, ಪಂಥ ಕಟ್ಟುವ ಜಾಗ ಅಲ್ಲ.

ನಾನು ಈ ಆಟವನ್ನು ಎರಡೂ ಕಡೆಯಿಂದ ಆಡಿದವನು. ಉಡುಪಿಯಲ್ಲಿ ಓದುವಾಗ ಕ್ರಿಕೆಟ್ ಸ್ಕೋರ್ ನೋಡಲಿಕ್ಕೆ ನಮ್ಮ ಪರವಾಗಿ ಬೇರೆ ಸೈಟ್ ತೆರೆದು ತೋರಿಸುವ ಸಿಕ್ಕಸಿಕ್ಕ ಪ್ರಾಕ್ಸಿ ಸೈಟುಗಳ ಬಾಲ ಹಿಡಿದಿದ್ದೆ. ಆಮೇಲೆ ಅದೇ ಪ್ರಾಕ್ಸಿ ಸೈಟುಗಳ ಹೆಸರನ್ನು ಲಾಗ್‌ನಲ್ಲಿ, ಅಂದರೆ ಯಾರು ಎಲ್ಲಿಗೆ ಹೋದರು ಅನ್ನುವ ದಾಖಲೆಯಲ್ಲಿ, ಓದುವ ಕುರ್ಚಿಯಲ್ಲಿ ಕೂತೆ. ಎರಡೂ ಕಡೆ ಕಂಡದ್ದು ಒಂದೇ: ಜನ ಬ್ಲಾಕ್ ಎಲ್ಲಿದೆ ಅಂತ ನೋಡದೆ ನೇರ ವಿಪಿಎನ್, ಅಂದರೆ ತಡೆ ದಾಟಿಸುವ ಗುಪ್ತ ದಾರಿ, ಹುಡುಕಲಿಕ್ಕೆ ಹೊರಡುತ್ತಾರೆ. ಬಾಗಿಲಿಗೆ ಚಿಲಕ ಹಾಕಿದ್ದೋ, ಬೀಗ ಹಾಕಿದ್ದೋ, ಮಳೆಗೆ ಮರ ಉಬ್ಬಿ ಸಿಕ್ಕಿಕೊಂಡದ್ದೋ ಅಂತ ಗೊತ್ತಾಗದೆ ಮಾಡು ಹತ್ತಿ ಹಂಚು ತೆಗೆಯುವ ಕೆಲಸ ಅದು.

ಮೊದಲು: ಅದು ನಿಜಕ್ಕೂ ಬ್ಲಾಕ್ ಆಗಿದೆಯಾ?

ನಿಮ್ಮ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ವಿಳಾಸ ತೆರೆಯಿರಿ. ಅಲ್ಲೂ ಬರದಿದ್ದರೆ ಸೈಟೇ ಮಲಗಿರಬಹುದು, ಅಥವಾ ಸರ್ಕಾರದ ಆದೇಶದ ಮೇಲೆ ದೇಶದ ಎಲ್ಲ ಇಂಟರ್ನೆಟ್ ಕಂಪನಿಗಳೂ ಅದನ್ನು ತಡೆದಿರಬಹುದು. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ಹೋದದ್ದು ಹಾಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಕೆಳಗೆ. ಅದು ಬೇರೆಯೇ ಕಥೆ, ಈ ಬರಹಕ್ಕೆ ಸೇರಿದ್ದಲ್ಲ. ಇಲ್ಲಿ ನಾವು ಮಾತಾಡುವುದು ಕಾಲೇಜು, ಆಫೀಸು ತನ್ನ ನೆಟ್ ಮೇಲೆ ತಾನೇ ಹಾಕಿದ ತಡೆಯ ಬಗ್ಗೆ ಮಾತ್ರ.

ಡೇಟಾದಲ್ಲಿ ಬಂತು, ವೈಫೈಯಲ್ಲಿ ಬರುವುದಿಲ್ಲ ಅಂತಾದರೂ ಬ್ಲಾಕ್ ಅಂತ ತೀರ್ಮಾನಿಸಬೇಡಿ. ನಮ್ಮ ಕಡೆಯ ತುಂಬ ಕಾಲೇಜುಗಳಲ್ಲಿ ವೈಫೈ ಸಿಕ್ಕಿದ ಮೇಲೆ ಇನ್ನೊಂದು ಲಾಗಿನ್ ಪುಟ ಇರುತ್ತದೆ. ಅಹಮದಾಬಾದಿನ ಸೈಬರೋಮ್ ಕಂಪನಿಯ ಫೈರ್‌ವಾಲ್ ಪೆಟ್ಟಿಗೆಗಳು, ಅಂದರೆ ನೆಟ್‌ಗೆ ಕಾವಲು ಕೂರುವ ಯಂತ್ರಗಳು, ಭಾರತದ ಕಾಲೇಜುಗಳಲ್ಲಿ ಮನೆಮಾತಾಗಿದ್ದವು. 2014ರಲ್ಲಿ ಅದನ್ನು ಸೋಫೋಸ್ ಕೊಂಡುಕೊಂಡಿತು. ವಿಳಾಸದ ಕೊನೆಗೆ 8090 ಅಂತ ಬರುವ ಆ ಲಾಗಿನ್ ಪುಟ ಇವತ್ತಿಗೂ ಎಷ್ಟೋ ಹಾಸ್ಟೆಲ್ ಹುಡುಗರಿಗೆ ಬಾಯಿಪಾಠ. ಲಾಗಿನ್ ಅವಧಿ ಮುಗಿದಿದ್ದರೆ ಕೆಲವು ಆ್ಯಪ್ ನಡೆಯುತ್ತವೆ, ಕೆಲವು ನಿಲ್ಲುತ್ತವೆ, ನೋಡಿದವರಿಗೆ ಬ್ಲಾಕ್ ಅಂತಲೇ ಕಾಣುತ್ತದೆ. ಲಾಗಿನ್ ಪುಟ ತಾನಾಗಿ ಬರದಿದ್ದರೆ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ. ಎನ್‌ಕ್ರಿಪ್ಶನ್, ಅಂದರೆ ಗುಪ್ತಲಿಪಿ, ಇಲ್ಲದ ಪುಟ ಅದು. ಲಾಗಿನ್ ಪುಟಕ್ಕೆ ನಿಮ್ಮನ್ನು ತಿರುಗಿಸಲಿಕ್ಕೆ ಪೆಟ್ಟಿಗೆಗೆ ಅದರಲ್ಲಿ ಸುಲಭ.

ಇನ್ನೊಂದು ಕಾರಣ ಕೇಳಿದರೆ ನಗುತ್ತೀರಿ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು, ಬರುವುದು ಲೆಕ್ಕವಿಲ್ಲ. ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗ ಗಡಿಯಾರ ಹತ್ತು ಹದಿನೈದು ವರ್ಷ ಹಿಂದಕ್ಕೆ ಹಾರುತ್ತದೆ. ತಾರೀಕು ತಪ್ಪಿದರೆ ಸೈಟುಗಳ ಸುರಕ್ಷತಾ ಪ್ರಮಾಣಪತ್ರ ಬ್ರೌಸರ್‌ಗೆ ಹೊಂದುವುದಿಲ್ಲ, ಒಂದೂ ಸರಿಯಾಗಿ ತೆರೆಯುವುದಿಲ್ಲ. "ಸರ್, ಎಲ್ಲಾ ಬ್ಲಾಕ್ ಮಾಡಿದ್ದೀರಿ" ಅಂತ ಒಂದು ಸಾಲಿನ ಹುಡುಗರು ಪೂರ್ತಿ ಎದ್ದು ಬಂದಿದ್ದರು. ಬಲಗಡೆ ಮೂಲೆಯಲ್ಲಿ ವರ್ಷ 2009. ಬೇಕಾಗಿದ್ದು ಸಿಆರ್‌2032 ಅನ್ನುವ ಒಂದು ಬ್ಯಾಟರಿ, ಕೈಗಡಿಯಾರದ ಅಂಗಡಿಯಲ್ಲೂ ಸಿಗುವಂಥದ್ದು.

ಪರದೆ ಏನು ಹೇಳುತ್ತದೆ, ಅದನ್ನು ಓದಿ

ಯಾರೂ ಓದದ ಪುಟ ಯಾವುದು ಅಂತ ಕೇಳಿದರೆ ಬ್ಲಾಕ್ ಪುಟ ಅಂತ ಹೇಳುತ್ತೇನೆ. ಉತ್ತರ ಅರ್ಧ ಅಲ್ಲೇ ಇರುತ್ತದೆ.

ಕಾಲೇಜಿನ ಲಾಂಛನವೋ ಫೋರ್ಟಿನೆಟ್, ಸೋಫೋಸ್ ಥರದ ಫಿಲ್ಟರ್ ಕಂಪನಿಯ ಹೆಸರೋ ಇರುವ ಪುಟ ಬಂದರೆ ಅದು ವೆಬ್ ಫಿಲ್ಟರ್. ವಿಳಾಸ, ವರ್ಗ, ಕೆಲವೊಮ್ಮೆ ನಿಮ್ಮ ಲಾಗಿನ್ ಹೆಸರು ಕೂಡ ಅದರಲ್ಲಿರುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕು.

'ಸರ್ವರಿನ ಐಪಿ ವಿಳಾಸ ಸಿಗಲಿಲ್ಲ' ಎಂಬ ಅರ್ಥದ ಸಂದೇಶ, ಕೆಳಗೆ ಡಿಎನ್‌ಎಸ್ ಅಂತ ಶುರುವಾಗುವ ದೊಡ್ಡ ಅಕ್ಷರದ ಸಾಲು ಬಂದರೆ ತಡೆ ಡಿಎನ್‌ಎಸ್‌ನಲ್ಲಿ. ಸೈಟಿನ ಹೆಸರು ಹೇಳಿದರೆ ನಂಬರ್ ಕೊಡುವ ಫೋನ್ ಪುಸ್ತಕ ಅದು. ಆ ಪುಸ್ತಕದಿಂದ ಒಂದು ಹೆಸರು ಹೊಡೆದುಹಾಕಿದ್ದಾರೆ, ಅಷ್ಟೇ.

'ಸಂಪರ್ಕ ಮರುಹೊಂದಿಸಲಾಯಿತು' ಅನ್ನುವ ಹಾಗೆ ಬಂದರೆ ನಡುವೆ ಕೂತ ಫೈರ್‌ವಾಲ್ ನೀವು ಹೋಗುವ ಸೈಟಿನ ಹೆಸರು ನೋಡಿ ಎಳೆ ಕಡಿದಿರಬಹುದು. ಎಚ್‌ಟಿಟಿಪಿಎಸ್ (ಗುಪ್ತ ಸಂಪರ್ಕ) ಇದ್ದರೂ ಹೆಸರು ಹೇಗೆ ಕಂಡಿತು ಅಂದರೆ, ಗುಟ್ಟಿನ ಮಾತು ಶುರುವಾಗುವ ಮೊದಲು ಬ್ರೌಸರ್ ಸಾಮಾನ್ಯವಾಗಿ ಸೈಟಿನ ಹೆಸರನ್ನು ಒಮ್ಮೆ ಬಹಿರಂಗವಾಗಿ ಕೂಗುತ್ತದೆ. ಇದಕ್ಕೆ ಎಸ್‌ಎನ್‌ಐ ಅನ್ನುತ್ತಾರೆ. ಲಕೋಟೆಯ ಒಳಗಿನ ಕಾಗದ ಕಾಣುವುದಿಲ್ಲ, ಮೇಲಿನ ವಿಳಾಸ ಅಂಚೆಯವನಿಗೆ ಕಾಣುತ್ತದೆ. ಏನೂ ಹೇಳದೆ ಸುಮ್ಮನೆ ಸುತ್ತಿ ಸುತ್ತಿ ಸಮಯ ಮುಗಿದರೆ, ಐಪಿ ವಿಳಾಸವನ್ನೋ (ಸೈಟಿನ ನಂಬರ್) ಪೋರ್ಟನ್ನೋ (ಡೇಟಾ ಹೋಗುವ ಬಾಗಿಲಿನ ಸಂಖ್ಯೆ) ತಡೆದಿರುವ ಸಾಧ್ಯತೆ ಹೆಚ್ಚು.

'ನಿಮ್ಮ ಸಂಸ್ಥೆ ನಿರ್ಬಂಧಿಸಿದೆ' ಅಂತ ಬ್ರೌಸರೇ ಹೇಳಿದರೆ ತಡೆ ನೆಟ್‌ನಲ್ಲಿ ಇಲ್ಲ, ಆ ಕಂಪ್ಯೂಟರಿನ ಒಳಗೇ ಇದೆ. ಕ್ರೋಮ್‌ನ ಮೂರು ಚುಕ್ಕಿ ಒತ್ತಿದಾಗ ಕೆಳಗೆ 'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಅಂತ ಕಂಡರೆ ಖಾತ್ರಿ. ಅಲ್ಲಿ ವೈಫೈ ಬದಲಿಸಿದರೂ ಪ್ರಯೋಜನವಿಲ್ಲ.

ಯೂಟ್ಯೂಬ್ ತೆರೆಯುತ್ತದೆ, ಆದರೆ ಕೆಲವು ವಿಡಿಯೊ ಇಲ್ಲ, ಯಾವುದಕ್ಕೂ ಕಮೆಂಟೂ ಇಲ್ಲ ಅಂತಾದರೆ ಅದು ನಿರ್ಬಂಧಿತ ಮೋಡ್. ನೆಟ್‌ವರ್ಕ್ ಕಡೆಯಿಂದಲೇ ಅದನ್ನು ಎಲ್ಲರಿಗೂ ಹೇರಲಿಕ್ಕೆ ಆಗುತ್ತದೆ. ನಿಮ್ಮ ಸೆಟ್ಟಿಂಗ್‌ನಲ್ಲಿ ಆಫ್ ಮಾಡಲಿಕ್ಕೆ ಹೋದರೆ ಆ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ. ಶಾಲೆಯ ಗೂಗಲ್ ಖಾತೆ ಇದ್ದರೆ, ಖಾತೆಗಳನ್ನು ನೋಡಿಕೊಳ್ಳುವ ಅಡ್ಮಿನ್ ಅನುಮತಿ ಕೊಟ್ಟ ಶಿಕ್ಷಕರು ಒಂದೊಂದೇ ವಿಡಿಯೊವನ್ನು ಮಂಜೂರು ಮಾಡಬಹುದು. ಈ ಸೌಲಭ್ಯ ಇದೆ ಅಂತ ತುಂಬ ಶಿಕ್ಷಕರಿಗೇ ಗೊತ್ತಿಲ್ಲ.

ಇನ್ನು ಪ್ರಮಾಣಪತ್ರದ ಎಚ್ಚರಿಕೆ, 'ನಿಮ್ಮ ಸಂಪರ್ಕ ಖಾಸಗಿಯಲ್ಲ' ಅನ್ನುವುದು. ತಾರೀಕು ಸರಿ ಇದ್ದೂ ಇದು ಬಂದರೆ ಫಿಲ್ಟರ್ ನಡುವೆ ಕೈ ಹಾಕಿರಬಹುದು. 'ಆದರೂ ಮುಂದುವರಿ' ಒತ್ತಿ ಒಳಗೆ ಹೋಗಿ ಪಾಸ್‌ವರ್ಡ್ ಹಾಕಬೇಡಿ.

ಯಂತ್ರ ಯಾರದ್ದು, ನೆಟ್ ಯಾರದ್ದು

ಇದು ಸರಿಯಾಗಿ ಗೊತ್ತಿದ್ದರೆ ಮುಂದಿನ ಅರ್ಧ ಬರಹ ನಿಮಗೆ ಬೇಕಾಗುವುದಿಲ್ಲ.

ಯಂತ್ರವೂ ಅವರದ್ದು, ನೆಟ್ಟೂ ಅವರದ್ದು ಆದರೆ, ತಂತ್ರದ ದಾರಿ ಬಿಡಿ, ಕೇಳುವ ದಾರಿ ಹಿಡಿಯಿರಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕಂಪನಿ ತನ್ನದೇ ರೂಟ್ ಪ್ರಮಾಣಪತ್ರ (ತನ್ನನ್ನು ನಂಬು ಅಂತ ಬ್ರೌಸರ್‌ಗೆ ಹೇಳುವ ಪತ್ರ) ಹಾಕಿಟ್ಟಿದ್ದರೆ ಬ್ರೌಸರಿನ ಬೀಗದ ಚಿಹ್ನೆ ಇದ್ದರೂ ಒಳಗಿನ ಪುಟ ಅವರಿಗೆ ಓದಲಿಕ್ಕೆ ಆಗುತ್ತದೆ. ಪರದೆಯ ಮೇಲೇ ಕಣ್ಣಿಡುವ ತಂತ್ರಾಂಶ ಇದ್ದರಂತೂ ವಿಪಿಎನ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮೇಲಿಂದ, ನೀವು ವಿಪಿಎನ್ ಹಾಕಿದಿರಿ ಅನ್ನುವ ವಿಷಯವೇ ಅವರಿಗೆ ಮೊದಲು ತಲುಪುತ್ತದೆ.

ಯಂತ್ರ ನಿಮ್ಮದು, ನೆಟ್ ಅವರದ್ದು ಆದರೆ ಡಿಎನ್‌ಎಸ್, ವಿಪಿಎನ್ ತಾಂತ್ರಿಕವಾಗಿ ಕೆಲಸ ಮಾಡಬಹುದು. ಮಾಡಬಹುದೋ ಬಾರದೋ ಅನ್ನುವುದು ನೀವು ಸೇರುವಾಗ ಸಹಿ ಹಾಕಿದ ನಿಯಮದಲ್ಲಿದೆ. ಹಾಸ್ಟೆಲ್ ಫಾರ್ಮಿನ ಕೊನೆಯ ಪುಟ ಓದಿ ಸಹಿ ಹಾಕಿದವನನ್ನು ನಾನಿನ್ನೂ ನೋಡಿಲ್ಲ, ಈಗಲಾದರೂ ಓದಿ. ಯಂತ್ರವೂ ನಿಮ್ಮದು, ನೆಟ್ಟೂ ನಿಮ್ಮದೇ ಆದರೆ ಈ ಚರ್ಚೆಯೇ ಇಲ್ಲ.

ಕೇಳುವುದು ಹೇಗೆ

ಲ್ಯಾಬಿನ ಬಾಗಿಲಲ್ಲಿ ನಿಂತು "ಸರ್, ನೆಟ್ ಸರಿ ಇಲ್ಲ" ಅಂದರೆ ಏನೂ ಆಗುವುದಿಲ್ಲ. ಅದು ಹೇಗೂ ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು. ಕೆಲಸ ಆಗಬೇಕಾದರೆ ಮೇಲ್ ಹೀಗಿರಲಿ:

"ಮಾನ್ಯರೇ, ಲ್ಯಾಬ್ 2ರ ಏಳನೇ ಕಂಪ್ಯೂಟರಿನಲ್ಲಿ ಈ ಕೆಳಗಿನ ಪುಟ ತೆರೆಯುತ್ತಿಲ್ಲ. ಪೂರ್ತಿ ವಿಳಾಸ ಮತ್ತು ಬ್ಲಾಕ್ ಪುಟದ ಚಿತ್ರ ಜೊತೆಗಿದೆ. ವರ್ಗ ಜೂಜು ಎಂದು ತೋರಿಸುತ್ತದೆ. ಇವತ್ತು ಬೆಳಿಗ್ಗೆ 11.20ಕ್ಕೆ, ನನ್ನ ಲಾಗಿನ್‌ನಿಂದ ಪ್ರಯತ್ನಿಸಿದೆ. ನಾಲ್ಕನೇ ಸೆಮಿಸ್ಟರಿನ ಪ್ರಬಂಧಕ್ಕೆ ಬೇಕು, ಮಾರ್ಗದರ್ಶಕರಿಗೂ ಇದರ ಪ್ರತಿ ಕಳಿಸಿದ್ದೇನೆ. ಈ ಒಂದು ವಿಳಾಸವನ್ನು ತಿಂಗಳ ಕೊನೆಯವರೆಗೆ ಬಿಟ್ಟುಕೊಟ್ಟರೆ ಸಾಕು."

ಪ್ರತಿ ಸಾಲಿಗೂ ಕಾರಣ ಉಂಟು. ಪೂರ್ತಿ ವಿಳಾಸ ಇದ್ದರೆ ಒಂದು ಪುಟಕ್ಕೆ ಮಾತ್ರ ವಿನಾಯಿತಿ ಕೊಡಬಹುದೇ ಅಂತ ನೋಡಬಹುದು. ಸೈಟಿನ ಹೆಸರು ಮಾತ್ರ ಹೇಳಿದರೆ ಇಡೀ ಸೈಟ್ ಬಿಡಬೇಕಾಗುತ್ತದೆ, ಆಗ ಕೈ ಹಿಂದೆ ಸರಿಯುತ್ತದೆ. ಸಮಯ ಹೇಳಿದರೆ ಲಾಗ್‌ನಲ್ಲಿ ನಿಮ್ಮ ಸಾಲು ಹುಡುಕಲಿಕ್ಕೆ ಒಂದು ನಿಮಿಷ. ಮಾರ್ಗದರ್ಶಕರಿಗೆ ಪ್ರತಿ ಇದ್ದರೆ ನಾಳೆ ಯಾರಾದರೂ "ಜೂಜಿನ ಸೈಟ್ ಯಾಕೆ ಬಿಟ್ಟದ್ದು?" ಅಂತ ಕೇಳಿದಾಗ ತೋರಿಸಲಿಕ್ಕೆ ಕಾಗದ ಇರುತ್ತದೆ. ಎಲ್ಲಕ್ಕಿಂತ ಮುಖ್ಯ ಆ ಕೊನೆಯ ಗಡುವು. ಅಡ್ಮಿನ್‌ಗೆ ಹೆದರಿಕೆ ಇರುವುದು ಇವತ್ತು ಬಿಡುವುದಕ್ಕಲ್ಲ, ಬಿಟ್ಟದ್ದನ್ನು ಮರೆತು ಮೂರು ವರ್ಷ ಹಾಗೇ ಇರುವುದಕ್ಕೆ.

ಫಿಲ್ಟರ್ ಕಂಪನಿಗೂ ನೇರ ಹೇಳಬಹುದು. ಕಾಲೇಜಿನ ಪೆಟ್ಟಿಗೆ ಪ್ರತಿ ಸೈಟನ್ನು ತಾನೇ ಓದಿ ನಿರ್ಧರಿಸುವುದಿಲ್ಲ, ಕಂಪನಿಯ ವರ್ಗೀಕರಣದ ಪಟ್ಟಿಯನ್ನು ಕೇಳುತ್ತದೆ. ಆ ಪಟ್ಟಿಯಲ್ಲಿ ಒಂದು ಸೈಟ್ ಯಾವ ವರ್ಗದಲ್ಲಿದೆ ಅಂತ ನೋಡಲಿಕ್ಕೆ, ತಪ್ಪಿದ್ದರೆ ತಿದ್ದಲು ಕೋರಲಿಕ್ಕೆ ದೊಡ್ಡ ಕಂಪನಿಗಳಲ್ಲಿ ಸಾರ್ವಜನಿಕ ಪುಟಗಳಿವೆ. ಫೋರ್ಟಿನೆಟ್‌ನದ್ದು ಫೋರ್ಟಿಗಾರ್ಡ್. ನಿಮ್ಮದೇ ಸೈಟ್ ಬ್ಲಾಕ್ ಆದಾಗ ಇದು ಬಹಳ ಉಪಯೋಗ. ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಹೊಸ ಸೈಟ್ ಮಾಡಿಸಿದ ಯಕ್ಷಗಾನದ ಸ್ನೇಹಿತರೊಬ್ಬರು "ಆಫೀಸಿನವರಿಗೆ ಯಾರಿಗೂ ತೆರೆಯುವುದಿಲ್ಲವಂತೆ ಮಾರಾಯ್ರೇ" ಅಂತ ಗೋಳಾಡಿದ್ದರು. ಕಾರಣ ಆಟವೂ ಅಲ್ಲ, ಪ್ರಸಂಗವೂ ಅಲ್ಲ. ಈಗಷ್ಟೇ ನೋಂದಾಯಿಸಿದ ಡೊಮೈನುಗಳನ್ನು ಅನೇಕ ಕಡೆ ಸಾರಾಸಗಟಾಗಿ ತಡೆಯುತ್ತಾರೆ, ಮೋಸದ ಸೈಟುಗಳು ಹೆಚ್ಚಾಗಿ ಹೊಸ ಹೆಸರಿನಲ್ಲೇ ಹುಟ್ಟುವುದರಿಂದ.

ನಿಮ್ಮದೇ ಡೇಟಾ

ಬ್ಯಾಂಕಿನ ಕೆಲಸ, ಬೇರೆ ಕಡೆ ಕೆಲಸಕ್ಕೆ ಅರ್ಜಿ, ಆರೋಗ್ಯದ ವಿಷಯ, ಇಂಥದ್ದಕ್ಕೆಲ್ಲ ಯಾವ ಉಪಾಯವೂ ಬೇಡ. ಫೋನು ನಿಮ್ಮದು, ಸಿಮ್ ನಿಮ್ಮದು. ವೈಫೈ ಆಫ್ ಮಾಡಿ ನೋಡಿ, ಮುಗಿಯಿತು. ಸ್ವಂತ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಡುವುದಾದರೆ ವಿಂಡೋಸ್‌ನಲ್ಲಿ ಆ ವೈಫೈಯ ಸೆಟ್ಟಿಂಗ್‌ಗೆ ಹೋಗಿ ಮೀಟರ್ಡ್ ಸಂಪರ್ಕ ಆನ್ ಮಾಡಿ. ಇಲ್ಲದಿದ್ದರೆ ನೀವು ಒಂದು ಪುಟ ಓದುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ನಿಮ್ಮ ದಿನದ ಒಂದೂವರೆ ಜಿಬಿಯನ್ನು ನುಂಗಿ ನೀರು ಕುಡಿದಿರುತ್ತದೆ. ಆಫೀಸಿನ ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟಿಗೆ ಹಾಕುವುದು ಬೇರೆ ಮಾತು. ಎಷ್ಟೋ ಕಂಪನಿಗಳಲ್ಲಿ ಅದು ನಿಯಮ ಮೀರಿದ ಹಾಗೆ, ಜೊತೆಗೆ ಫಿಲ್ಟರ್ ಯಂತ್ರದೊಳಗೇ ಇದ್ದರೆ ಬ್ಲಾಕೂ ಹಾಗೇ ಉಳಿಯುತ್ತದೆ.

ಸೈಟ್ ಬೇಡ, ಅದರಲ್ಲಿರುವ ವಿಷಯ ಸಾಕು ಅಂತಾದರೆ ಮನೆಯಲ್ಲೇ ಪುಟವನ್ನು ಪಿಡಿಎಫ್ ಮಾಡಿಕೊಂಡು ಬನ್ನಿ. ವಿಕಿಪೀಡಿಯ ಬೇಕಾದರೆ ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ನೆಟ್ಟೇ ನೆಟ್ಟಗಿಲ್ಲದ ಹಳ್ಳಿ ಶಾಲೆಗಳಿಗೂ ಇದು ಹೇಳಿ ಮಾಡಿಸಿದ್ದು. ಗೂಗಲ್ ಹಿಂದೆ ಕೊಡುತ್ತಿದ್ದ, ಪುಟದ ಉಳಿಸಿಟ್ಟ ನಕಲು (ಕ್ಯಾಶ್ ಪ್ರತಿ) 2024ರಲ್ಲಿ ನಿಂತಿತು. ಈಗ ಇರುವುದು ಹಳೆಯ ಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್, ಅದನ್ನೂ ಕೆಲವು ಫಿಲ್ಟರುಗಳು ಪ್ರಾಕ್ಸಿ ಅಂತ ತಡೆಯುತ್ತವೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ವಿಳಾಸ ಕೊಟ್ಟು ಪುಟ ಓದುವ ಹಳೆಯ ಉಪಾಯಕ್ಕೂ ಹಲವು ಕಡೆ ಅದೇ ಗತಿ.

ಡಿಎನ್‌ಎಸ್ ಬದಲಿಸುವುದು

ಅಂದರೆ ಅವರ ಫೋನ್ ಪುಸ್ತಕ ಬಿಟ್ಟು ಬೇರೆಯವರ ಪುಸ್ತಕ ಕೇಳುವುದು. ಇದು ನಿಮ್ಮ ಸ್ವಂತ ಯಂತ್ರಕ್ಕೆ, ನಿಯಮ ಅಡ್ಡ ಬರದಿದ್ದಾಗ ಮಾತ್ರ. ಪಿಜಿಯ ವೈಫೈ, ಕೆಫೆಯ ವೈಫೈ, ಮನೆಯಲ್ಲಿ ಅಣ್ಣ ರೂಟರಿಗೆ ಹಾಕಿದ ಫಿಲ್ಟರ್, ಇಂಥಲ್ಲಿ ತಡೆ ಹೆಚ್ಚಾಗಿ ಡಿಎನ್‌ಎಸ್‌ನಲ್ಲೇ ಇರುತ್ತದೆ, ಯಾಕೆಂದರೆ ಹಾಕಲಿಕ್ಕೆ ಅದೇ ಸುಲಭ.

ಆಂಡ್ರಾಯ್ಡ್ 9 ಅಥವಾ ಅದರ ನಂತರದ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಪ್ರೈವೇಟ್ ಡಿಎನ್‌ಎಸ್ ಹುಡುಕಿ. ಕೆಲವು ಫೋನುಗಳಲ್ಲಿ ಅದು 'ಇನ್ನಷ್ಟು ಸಂಪರ್ಕ ಸೆಟ್ಟಿಂಗ್' ಒಳಗೆ ಅಡಗಿರುತ್ತದೆ. ಮೂರನೇ ಆಯ್ಕೆ ಒತ್ತಿ, ಅಲ್ಲಿ 1.1.1.1 ಅಂತ ಅಂಕಿ ಹಾಕಬೇಡಿ, ಒಪ್ಪುವುದಿಲ್ಲ. ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಡಿಎನ್‌ಎಸ್ ಬೇಕಾದರೆ 'ಒನ್' ಎಂಬ ಇಂಗ್ಲಿಷ್ ಪದವನ್ನು ನಾಲ್ಕು ಸಲ, ನಡುನಡುವೆ ಚುಕ್ಕಿ ಇಟ್ಟು ಬರೆಯಬೇಕು. ಗೂಗಲ್ ಬೇಕಾದರೆ ಡಿಎನ್‌ಎಸ್, ಚುಕ್ಕಿ, ಗೂಗಲ್. ಉಳಿಸಿ. ಈಗ ಫೋನ್ ಪುಸ್ತಕದ ವಿಚಾರಣೆ ಸಾಮಾನ್ಯವಾಗಿ 853ನೇ ಪೋರ್ಟಿನಲ್ಲಿ ಗುಪ್ತವಾಗಿ ಹೋಗುತ್ತದೆ.

ಎರಡು ಎಡವಟ್ಟು ಇಲ್ಲಿ ಆಗಬಹುದು. ಲಾಗಿನ್ ಪುಟ ಇರುವ ವೈಫೈಯಲ್ಲಿ ಮೊದಲೇ ಇದನ್ನು ಹಾಕಿದರೆ ಲಾಗಿನ್ ಪುಟವೇ ಬರದೇ ಹೋಗಬಹುದು. ಲಾಗಿನ್ ಆದ ಮೇಲೆ ಹಾಕಿ. ಇನ್ನು, ನೆಟ್‌ವರ್ಕಿನವರು 853ನ್ನು ಮುಚ್ಚಿದ್ದರೆ 'ಪ್ರೈವೇಟ್ ಡಿಎನ್‌ಎಸ್ ಸರ್ವರ್ ಸಿಗುತ್ತಿಲ್ಲ' ಅಂತ ಹೇಳಿ ಫೋನಿನ ಇಡೀ ನೆಟ್ ನಿಲ್ಲಬಹುದು. ಹಾಗಾದರೆ ಸ್ವಯಂಚಾಲಿತಕ್ಕೆ ವಾಪಸ್ ಬನ್ನಿ. ಸೆಟ್ಟಿಂಗ್ ಬದಲಿಸಿದ್ದು ಮರೆತು, ಫೋನ್ ಹಾಳಾಯಿತು ಅಂತ ಅಂಗಡಿಗೆ ಹೊತ್ತುಕೊಂಡು ಹೋದವರು ನನಗೆ ಗೊತ್ತು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್ ಅಂತ ಒಳಗೆ ಹೋಗಿ, ಡಿಎನ್‌ಎಸ್ ಸರ್ವರ್ ಮುಂದಿನ ಎಡಿಟ್ ಒತ್ತಿ. ಮ್ಯಾನುವಲ್ ಆಯ್ದು, ಐಪಿವಿ4 ಆನ್ ಮಾಡಿ 1.1.1.1 ಮತ್ತು 1.0.0.1 ಹಾಕಿ, ಎಚ್‌ಟಿಟಿಪಿಎಸ್ ಮೇಲಿನ ಡಿಎನ್‌ಎಸ್ ಆನ್ ಮಾಡಿ. ಇಡೀ ಯಂತ್ರಕ್ಕೆ ಬೇಡ, ಬ್ರೌಸರ್‌ಗೆ ಸಾಕು ಅಂದರೆ ಫೈರ್‌ಫಾಕ್ಸಿನ ಗೌಪ್ಯತೆ ವಿಭಾಗದ ತಳದಲ್ಲಿ ಇದೇ ಆಯ್ಕೆ ಇದೆ. ಕ್ರೋಮ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಅಂತ.

ಇಷ್ಟು ಮಾಡಿಯೂ ತೆರೆಯಲಿಲ್ಲವಾದರೆ ತಡೆ ಡಿಎನ್‌ಎಸ್‌ನಲ್ಲಿ ಮಾತ್ರ ಇರಲಿಲ್ಲ ಅಂತ ಗೊತ್ತಾಯಿತು. ಸರ್ವರ್ ಬದಲಿಸುತ್ತಾ ಕೂರಬೇಡಿ, 8.8.8.8ಕ್ಕೆ ಹೋದರೂ 9.9.9.9ಕ್ಕೆ ಹೋದರೂ ಲಕೋಟೆ ಮೇಲಿನ ವಿಳಾಸ ಅದೇ.

ವಿಪಿಎನ್

ವಿಪಿಎನ್ ಅಂದರೆ ನಿಮ್ಮ ಎಲ್ಲ ಲಕೋಟೆಗಳನ್ನು ಒಂದು ಗೋಣಿಗೆ ತುಂಬಿ ಬಾಯಿ ಹೊಲಿದು ಬೇರೆ ಊರಿನ ಅಂಚೆ ಕಚೇರಿಗೆ ಕಳಿಸುವುದು. ಇಲ್ಲಿಯ ಅಂಚೆಯವನಿಗೆ ಕಾಣುವುದು ಗೋಣಿ ಮಾತ್ರ. ಅಲ್ಲಿ ಬಿಚ್ಚುವವನಿಗೆ ಲಕೋಟೆ ಮೇಲಿನ ವಿಳಾಸವೆಲ್ಲ ಕಾಣುತ್ತದೆ. ಹಾಗಾಗಿ ಬಿಚ್ಚುವವನು ಯಾರು ಅನ್ನುವುದೇ ಮುಖ್ಯ.

ಉಚಿತ ವಿಪಿಎನ್ ಆ್ಯಪ್ ಹಾಕುವ ಮೊದಲು ಒನಾವೊ ಕಥೆ ನೆನಪಿಟ್ಟುಕೊಳ್ಳಿ. ಫೇಸ್‌ಬುಕ್ ಒಡೆತನದ ಈ ಉಚಿತ ವಿಪಿಎನ್, ಡೇಟಾ ಕಾಪಾಡುತ್ತೇನೆ ಅಂತ ಹೇಳಿ ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಲೆಕ್ಕ ಹಾಕುತ್ತಿತ್ತು. ಆಪಲ್ 2018ರಲ್ಲಿ ಅದನ್ನು ತನ್ನ ಅಂಗಡಿಯಿಂದ ಹೊರಗೆ ಹಾಕಿಸಿತು, 2019ರಲ್ಲಿ ಅದು ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ ಇದೇ ವಿಷಯಕ್ಕೆ ಎರಡು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಹೆಸರಿದ್ದ ಕಂಪನಿಯದ್ದೇ ಹೀಗಾದರೆ, ಹೆಸರೇ ಗೊತ್ತಿಲ್ಲದವರ 'ಸೂಪರ್ ಫಾಸ್ಟ್' ಆ್ಯಪ್‌ಗಳನ್ನು ನಂಬುವುದು ನಿಮಗೆ ಬಿಟ್ಟದ್ದು. ಉಚಿತವಾಗಿಯೇ ಬೇಕಾದರೆ ಪ್ರೋಟಾನ್ ವಿಪಿಎನ್‌ನಲ್ಲಿ ಡೇಟಾ ಮಿತಿಯಿಲ್ಲದ ಉಚಿತ ಯೋಜನೆ ಇದೆ, ದುಡ್ಡು ಕೊಡುವವರ ಚಂದಾದಿಂದ ಅದು ನಡೆಯುತ್ತದೆ.

ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧವಲ್ಲ. ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಡಳಿತ ತಾತ್ಕಾಲಿಕ ನಿಷೇಧ ಹೊರಡಿಸಿದ್ದುಂಟು, ನಮ್ಮ ಕರಾವಳಿಯ ಮಾಮೂಲಿ ದಿನಕ್ಕೆ ಅದು ಅನ್ವಯಿಸುವುದಿಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಬಳಕೆದಾರರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ವಿಪಿಎನ್ ಕಂಪನಿಗಳಿಗೆ ಹೇಳಿತು. ಅದನ್ನು ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ತಮ್ಮ ಸರ್ವರುಗಳನ್ನು ಭಾರತದಿಂದ ಎತ್ತಿದವು.

ಕಾಲೇಜಿನ ನೆಟ್‌ನಲ್ಲಿ ವಿಪಿಎನ್ ಸಿಗದಿದ್ದರೆ ಸಾಮಾನ್ಯ ಕಾರಣ ಪೋರ್ಟು. ಯುಡಿಪಿ, ಟಿಸಿಪಿ ಅಂದರೆ ಡೇಟಾ ಸಾಗಿಸುವ ಎರಡು ರೀತಿ. ವಿಪಿಎನ್ ವಿಧಾನಗಳಲ್ಲಿ ವೈರ್‌ಗಾರ್ಡ್ ಸಾಮಾನ್ಯವಾಗಿ ಯುಡಿಪಿ 51820, ಓಪನ್‌ವಿಪಿಎನ್ ಯುಡಿಪಿ 1194, ಐಪಿಸೆಕ್ 500 ಮತ್ತು 4500 ಬಳಸುತ್ತದೆ. ಇವನ್ನು ಮುಚ್ಚುವುದು ಫೈರ್‌ವಾಲಿಗೆ ಒಂದು ಸಾಲಿನ ಕೆಲಸ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಟಿಸಿಪಿ 443 ಆಯ್ಕೆ ಇದ್ದರೆ ಅದಕ್ಕೆ ಬದಲಿಸಿದಾಗ ವಿಪಿಎನ್ ಮಾಮೂಲಿ ಎಚ್‌ಟಿಟಿಪಿಎಸ್ ಹೋಗುವ ಬಾಗಿಲಲ್ಲೇ ಹೋಗುತ್ತದೆ. ಅಲ್ಲೂ ನಡೆಯ ಮಾದರಿ ನೋಡಿ ಹಿಡಿಯುವ ಫೈರ್‌ವಾಲುಗಳಿವೆ. ಅಷ್ಟು ದೂರ ಹೋಗಿ ತಡೆದಿದ್ದಾರೆ ಅಂದರೆ ಅವರು ಗಟ್ಟಿ ಮನಸ್ಸು ಮಾಡಿದ್ದಾರೆ ಅಂತ ಅರ್ಥ, ನಾನಾದರೆ ಅಲ್ಲಿಗೆ ನಿಲ್ಲಿಸಿ ಸಿಮ್ಮಿಗೆ ಬರುತ್ತೇನೆ.

ನನಗೆ ಹೆಚ್ಚು ಇಷ್ಟವಾದದ್ದು ಮನೆಯದ್ದೇ ವಿಪಿಎನ್. ಗೋಣಿ ಬಿಚ್ಚುವುದು ನಮ್ಮ ಮನೆಯ ಮೂಲೆಯ ಹಳೆಯ ಲ್ಯಾಪ್‌ಟಾಪ್ ಆದರೆ ಗೋಣಿ ಬಿಚ್ಚಲು ಹೊರಗಿನ ವಿಪಿಎನ್ ಕಂಪನಿಯನ್ನು ನಂಬಬೇಕಾಗಿಲ್ಲ. ಮನೆಗೆ ಫೈಬರ್ ಇದ್ದರೂ ಹೆಚ್ಚಿನವರಿಗೆ ಸ್ವಂತ ಸಾರ್ವಜನಿಕ ಐಪಿ ಸಿಗುವುದಿಲ್ಲ, ನೂರಾರು ಮನೆ ಒಂದೇ ಐಪಿಯ ಹಿಂದೆ ಇರುತ್ತವೆ, ಹಾಗಾಗಿ ಹೊರಗಿನಿಂದ ನೇರ ಒಳಗೆ ಬರಲಿಕ್ಕೆ ಆಗುವುದಿಲ್ಲ. ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಆ್ಯಪ್ ಈ ತೊಡಕನ್ನು ತಾನೇ ನಿಭಾಯಿಸುತ್ತದೆ. ಮನೆಯ ಯಂತ್ರದಲ್ಲೂ ನಿಮ್ಮ ಫೋನಿನಲ್ಲೂ ಅದನ್ನು ಹಾಕಿ ಒಂದೇ ಖಾತೆಯಿಂದ ಲಾಗಿನ್ ಆಗಿ. ಮನೆಯ ಯಂತ್ರದ ಮೆನುವಿನಲ್ಲಿ ಎಕ್ಸಿಟ್ ನೋಡ್ (ಗೋಣಿ ಬಿಚ್ಚುವ ಜಾಗ) ಆಗಿ ನಡೆಸುವ ಆಯ್ಕೆ ಒತ್ತಿ. ಆಮೇಲೆ ಬ್ರೌಸರಿನಲ್ಲಿ ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟಕ್ಕೆ ಹೋಗಿ ಆ ಯಂತ್ರದ ಎದುರು ಎಕ್ಸಿಟ್ ನೋಡ್ ಒಪ್ಪಿಗೆ ಕೊಡಿ. ಹೆಚ್ಚಿನವರು ಮರೆಯುವುದು ಈ ಒಪ್ಪಿಗೆಯನ್ನೇ. ಕೊನೆಗೆ ಫೋನಿನಲ್ಲಿ ಆ ನೋಡ್ ಆಯ್ದುಕೊಳ್ಳಿ. ಮನೆಯ ಯಂತ್ರ ನಿದ್ದೆಗೆ ಜಾರದ ಹಾಗೆ ಪವರ್ ಸೆಟ್ಟಿಂಗ್ ಬದಲಿಸಲು ಮರೆಯಬೇಡಿ. ವೇಗ ಮನೆಯ ಅಪ್‌ಲೋಡ್ ಇದ್ದಷ್ಟೇ. ನನ್ನದು ಕಾಪುವಿನ ಮನೆಯಲ್ಲಿದೆ. ಆಟಿ ತಿಂಗಳ ಮಳೆಗಾಲದಲ್ಲಿ ಗಾಳಿಗೆ ತೆಂಗಿನ ಗರಿ ಲೈನಿನ ಮೇಲೆ ಬಿದ್ದರೆ ನನ್ನ ವಿಪಿಎನ್ನೂ ಬಿತ್ತು. ಅಮ್ಮನಿಗೆ ಫೋನ್ ಮಾಡಿ "ಇನ್ವರ್ಟರ್ ಆನ್ ಉಂಟಾ?" ಅಂತ ಕೇಳಬೇಕು.

ಲಾಗ್‌ನಲ್ಲಿ ಏನು ಕಾಣುತ್ತದೆ

ವಿಪಿಎನ್ ಹಾಕಿದರೆ ಮಾಯವಾಗುತ್ತೇವೆ ಅಂದುಕೊಂಡವರಿಗೆ ಒಂದು ಸಂಗತಿ. ನಾನು ಆಮೇಲೆ ಕೆಲಸ ಮಾಡಿದ ಒಂದು ಆಫೀಸಿನಲ್ಲಿ ರಾತ್ರಿ ಪಾಳಿ ಇತ್ತು. ಬೆಳಿಗ್ಗೆ ನೋಡಿದರೆ ಒಬ್ಬನ ಯಂತ್ರದಿಂದ ಹೊರದೇಶದ ಒಂದೇ ವಿಳಾಸಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೇ ಸಂಪರ್ಕ, ನಾಲ್ಕು ಜಿಬಿ. ಏನು ನೋಡಿದ ಅಂತ ಲಾಗ್ ಹೇಳಲಿಲ್ಲ. ಎಷ್ಟು ಹೊತ್ತು ನೋಡಿದ, ಎಷ್ಟು ನೋಡಿದ ಅಂತ ಹೇಳಿತು. ಏನು ಅಂತ ಪಕ್ಕದ ಕುರ್ಚಿಯವನಿಗೆ ಮೊದಲೇ ಗೊತ್ತಿತ್ತು, ಇಯರ್‌ಫೋನಿನಿಂದ ರಾತ್ರಿಯಿಡೀ ಯಕ್ಷಗಾನದ ಚೆಂಡೆ ಕೇಳುತ್ತಿತ್ತಂತೆ. ಬಡಗುತಿಟ್ಟೋ ತೆಂಕುತಿಟ್ಟೋ ಅಂತ ಕೇಳಲಿಕ್ಕೆ ಮ್ಯಾನೇಜರಿಗೆ ಮನಸ್ಸಿರಲಿಲ್ಲ.

ಇದಕ್ಕಿಂತ ಮುಂದೆ ಹೋಗಬಾರದ ಗೆರೆ ಉಂಟು. ಗೆಳೆಯನ ಅಥವಾ ಉಪನ್ಯಾಸಕರ ಲಾಗಿನ್ ಬಳಸಿ ಫಿಲ್ಟರ್ ದಾಟುವುದು ಹುಡುಗಾಟ ಅಂತ ಕಾಣಬಹುದು. ಆದರೆ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಲ್ಯಾಬಿನ ಯಂತ್ರವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡುವುದು, ಆ್ಯಂಟಿವೈರಸ್ ಕಿತ್ತುಹಾಕುವುದು, ಫೈರ್‌ವಾಲಿನ ಪಾಸ್‌ವರ್ಡ್ ಊಹಿಸಲಿಕ್ಕೆ ಹೋಗುವುದು, ಇವೂ ಆ ಗೆರೆಯ ಆಚೆಯವೇ. ವೆಬ್ ಪ್ರಾಕ್ಸಿ ಸೈಟುಗಳಲ್ಲಿ ಮೇಲ್, ಬ್ಯಾಂಕ್ ಯಾವುದಕ್ಕೂ ಲಾಗಿನ್ ಆಗಬೇಡಿ. ನೀವು ಹಾಕುವ ಪಾಸ್‌ವರ್ಡ್ ಅವರ ಸರ್ವರಿನ ಮೂಲಕವೇ ಹಾಯುತ್ತದೆ. ನಾನು ಸ್ಕೋರ್ ನೋಡುತ್ತಿದ್ದ ಕಾಲದಲ್ಲಿ ಹಾಗೇ ಒಂದು ಮೇಲ್ ಖಾತೆ ಕಳೆದುಕೊಂಡೆ, ಪಂದ್ಯ ಯಾವುದಂತಲೂ ಈಗ ನೆನಪಿಲ್ಲ.

ವಿನಾಯಿತಿ ಸಿಕ್ಕಿದ ಮೇಲೂ ಪುಟ ಅರೆಬರೆ ಬಂದರೆ

ಕೋಳಿ ಅಂಕದ ಹುಡುಗಿಗೆ ಆ ದಿನ ಊಟದ ಹೊತ್ತಿಗೆ ವಿನಾಯಿತಿ ಕೊಟ್ಟೆ. ಅಕ್ಷರ ಬಂತು, ಚಿತ್ರ ಒಂದೂ ಬರಲಿಲ್ಲ. "ಸರ್, ಕೋಳಿಯೇ ಇಲ್ಲ."

ಇದು ತುಂಬ ಕಡೆ ಆಗುತ್ತದೆ. ಒಂದು ಪುಟ ತನ್ನ ಚಿತ್ರ, ವಿಡಿಯೊ, ಅಕ್ಷರಶೈಲಿಗಳನ್ನು ಐದಾರು ಬೇರೆ ಬೇರೆ ವಿಳಾಸಗಳಿಂದ ತರಿಸಿಕೊಳ್ಳುತ್ತದೆ. ನಾವು ಬಿಟ್ಟದ್ದು ಮುಖ್ಯ ವಿಳಾಸವನ್ನು ಮಾತ್ರ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಅನ್ನುವ ಪಟ್ಟಿ ತೆರೆದು ಪುಟವನ್ನು ಮತ್ತೆ ತರಿಸಿ. ಕೆಂಪಾಗಿ ಕಾಣುವ ಸಾಲುಗಳೇ ಸಿಕ್ಕಿಬಿದ್ದವು, ಅವುಗಳ ಮೇಲೆ ಮೌಸ್ ಇಟ್ಟರೆ ಪೂರ್ತಿ ವಿಳಾಸ ಕಾಣುತ್ತದೆ. ಅದನ್ನೂ ಅದೇ ಮೇಲ್‌ಗೆ ಉತ್ತರವಾಗಿ ಕಳಿಸಿ, ಹೊಸ ಮೇಲ್ ಬೇಡ. ಅವಳ ಪುಟದ ಚಿತ್ರಗಳಿದ್ದದ್ದು ಬೇರೆ ಹೆಸರಿನ ಸರ್ವರಿನಲ್ಲಿ, ಅದಕ್ಕೂ ಜೂಜಿನ ಮುದ್ರೆ ಬಿದ್ದಿತ್ತು. ಎರಡನೇ ಸಾಲು ಸೇರಿಸಿ, ಬ್ರೌಸರ್ ಮುಚ್ಚಿ ತೆರೆದ ಮೇಲೆ ಕೆಂಪು ಜುಟ್ಟಿನ ಹುಂಜ ಪರದೆ ತುಂಬ ಬಂದು ನಿಂತಿತು. ಲ್ಯಾಬ್ ಅವಧಿ ಮುಗಿದ ಗಂಟೆ ಹೊಡೆಯುವಷ್ಟರಲ್ಲಿ ಅವಳು ಅದನ್ನು ಪಿಡಿಎಫ್ ಮಾಡಿ ತನಗೇ ಮೇಲ್ ಹಾಕಿಕೊಂಡಿದ್ದಳು.